ನಟವರ ಪೃಥ್ವೀರಾಜ ಕಪೂರರು

ಅಕ್ಬರ್ ಬಾದಶಹನ ಹೆಸರನ್ನು ಕೇಳಿದೊಡನೆ ನಮ್ಮ ದೇಶದ ಬಹುಮಂದಿಯ ಕಣ್ಣಮುಂದೆ ಬಂದು ನಿಲ್ಲುವ ಮೂರ್ತಿಯು ಇತಿಹಾಸದ ಪುಸ್ತಕದಿಂದ ಎದ್ದುಬಂದುದಲ್ಲ. ವಿಶಾಲವಾದ ಹೆಗಲು, ಭಾರವಾದ ಹೆಜ್ಜೆ, ಸಭಾಮಂಟಪದ ಕಂಬಗಳಿಗೆ ತಗುಲಿ ಮರುದನಿಗೊಡುವ ಕಂಠ, ಇವೆಲ್ಲವೂ 1960ನೆಯ ಇಸವಿಯಲ್ಲಿ ತೆರೆಯ ಮೇಲೆ ಬಂದ ‘ಮೊಗಲ್-ಎ-ಆಜಂ’ ಚಿತ್ರದ ಅಕ್ಬರನವು. ಎಂದರೆ ಪೃಥ್ವೀರಾಜ ಕಪೂರರವು. ಆ ಮಹಾನಟರು ತೀರಿಕೊಂಡು ಅರ್ಧ ಶತಮಾನಕ್ಕೂ ಮೀರಿತು. ಅವರ ಮೂವರು ಗಂಡುಮಕ್ಕಳೂ ತಮ್ಮ ತಮ್ಮ ಕೀರ್ತಿಯನ್ನು ಸಂಪಾದಿಸಿ ಕಾಲವಶರಾದರು. ಇಂದಿನ ತರುಣರಿಗೆ ಮೊಮ್ಮಕ್ಕಳ, ಮರಿಮಕ್ಕಳ ಹೆಸರುಗಳೇ ಹೆಚ್ಚು ಪರಿಚಿತವಾಗಿವೆ. ಮೂಲಪುರುಷನ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಇಂದು ಮನಸ್ಸು ಮಾಡಿರುವುದಕ್ಕೆ ಕಾರಣವೊಂದುಂಟು. ಲೋಕವು ಈ ಪುರುಷನನ್ನು ನೆನೆಯುತ್ತಿರುವುದು ಚಲಚ್ಚಿತ್ರಗಳಿಂದ. ಆತನು ತನ್ನ ದೇಹ, ದುಡ್ಡು, ಕಂಠ ಮೂರನ್ನೂ ಸವೆಸಿದುದು ರಂಗಭೂಮಿಗಾಗಿ. ಚಿತ್ರಗಳು ಉಳಿದಿವೆ; ನಾಟಕಗಳು ಗಾಳಿಯಲ್ಲಿ ಕರಗಿಹೋಗಿವೆ. ನಮಗೆ ಕಾಣಸಿಕ್ಕುವ ಪೃಥ್ವೀರಾಜರು ಅವರು ತಮ್ಮ ಬಾಳಿನ ಸಾಧನವೆಂದು ಬಗೆದ ಭಾಗ ಮಾತ್ರ. ಸಾಧ್ಯವೆಂದು ಬಗೆದುದು ಕಾಣಸಿಕ್ಕುವುದಿಲ್ಲ.

ಪೃಥ್ವೀರಾಜರು 1906ನೆಯ ನವೆಂಬರ್ 3ರಂದು ಅವಿಭಕ್ತ ಪಂಜಾಬಿನ ಲಾಯಲಪುರ ಜಿಲ್ಲೆಯ ಸಮುಂದ್ರಿ ಎಂಬಲ್ಲಿ ಜನಿಸಿದರು. ಆ ಸೀಮೆಯು ಇಂದು ಪಾಕಿಸ್ತಾನದಲ್ಲಿದೆ. ಲಾಯಲಪುರವೂ ಫೈಸಲಾಬಾದ್ ಎಂದು ಹೆಸರನ್ನು ಬದಲಿಸಿಕೊಂಡಿದೆ. ತಂದೆ ಬಸೇಶ್ವರನಾಥರು ಪೋಲೀಸು ಇಲಾಖೆಯ ಅಧಿಕಾರಿಗಳು. ಪೇಷಾವರದಲ್ಲಿ ಅವರ ಉದ್ಯೋಗ. ಮಗುವಿಗೆ ಬುದ್ಧಿ ತಿಳಿಯುವ ಮೊದಲೇ ತಾಯಿ ತೀರಿಕೊಂಡರು. ಪಠಾಣರ ನಾಡಿನ ಗಾಳಿಯಲ್ಲಿ ಬೆಳೆದ ಬಾಲಕನಿಗೆ ಆ ಜನರ ಎತ್ತರವೂ ಗಾಂಭೀರ್ಯವೂ ಕೊಟ್ಟ ಮಾತಿಗೆ ತಪ್ಪದ ಛಲವೂ ಬಂದುವು. ಪೇಷಾವರದ ಎಡ್ವರ್ಡ್ಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕಾಲೇಜಿನ ನಾಟಕಗಳಲ್ಲಿ ವೇಷ ಹಾಕಿದುದೇ ಮುಂದಣ ಬಾಳಿಗೆ ನಾಂದಿಯಾಯಿತು. ಪದವಿಯನ್ನು ಪಡೆದ ಮೇಲೆ ಲಾಹೋರಿನಲ್ಲಿ ನ್ಯಾಯಶಾಸ್ತ್ರದ ಓದನ್ನು ಹಿಡಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಬಿಟ್ಟರು. ಸರಕಾರದ ಅನ್ನವನ್ನು ಉಂಡ ಮನೆತನ, ತಹಸೀಲ್ದಾರರ ಮೊಮ್ಮಗ, ಪೋಲೀಸು ಅಧಿಕಾರಿಯ ಮಗ. ಅಂಥವನು ವಕೀಲಿಯ ಕರಿಯ ನಿಲುವಂಗಿಯನ್ನು ಕಳಚಿ ಮುಖಕ್ಕೆ ಬಣ್ಣ ಬಳಿದುಕೊಳ್ಳಲು ಹೊರಟರೆ ಬಂಧುವರ್ಗದಲ್ಲಿ ಯಾವ ಮಾತು ಹುಟ್ಟೀತೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಅಷ್ಟು ಹೊತ್ತಿಗೆ ಅವರಿಗೆ ರಾಮಸರಣಿ ದೇವಿಯವರೊಡನೆ ವಿವಾಹವೂ ಆಗಿತ್ತು. 1924ನೆಯ ಡಿಸೆಂಬರಿನಲ್ಲಿ ಹಿರಿಯ ಮಗ ರಾಜನೂ ಹುಟ್ಟಿದ್ದನು. 1928ರಲ್ಲಿ ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಸೋದರತ್ತೆಯಿಂದ ಸಾಲ ಪಡೆದು, ಈ ತರುಣನು ಮುಂಬಯಿಯ ರೈಲು ಹತ್ತಿದನು.

ಮುಂಬಯಿಯಲ್ಲಿ ಆಗ ಮೂಕಚಿತ್ರಗಳ ಕಾಲ. ಆರ್ದೇಶಿರ್ ಇರಾಣಿಯವರ ಇಂಪೀರಿಯಲ್ ಫಿಲಂ ಕಂಪೆನಿಯ ಬಾಗಿಲಿನಲ್ಲಿ ನಿಂತು, ಸಂಬಳವಿಲ್ಲದ ಎಕ್ಸ್‌ಟ್ರಾ ಆಗಿ ಪೃಥ್ವೀರಾಜರು ಒಳಹೊಕ್ಕರು. ಗುಂಪಿನಲ್ಲಿ ನಿಲ್ಲುವ ಹತ್ತಾರು ಮಂದಿಯಲ್ಲಿ ಒಬ್ಬರಾಗಿದ್ದ ಅವರನ್ನು ಎರ್ಮಲೀನ್ ಎಂಬ ಆ ಕಾಲದ ಪ್ರಸಿದ್ಧ ನಟಿಯು ನೋಡಿ ತನ್ನ ನಾಯಕನಾಗಿ ಆರಿಸಿಕೊಂಡಳೆಂದು ಹೇಳುತ್ತಾರೆ. ‘ಸಿನಿಮಾ ಗರ್ಲ್’ ಎಂಬ ಆ ಚಿತ್ರದಿಂದ ಅವರು ನಾಯಕರಾದರು. ಆ ದಿನಗಳ ನಟನಿಗೆ ಮೈಯೇ ಬಂಡವಾಳ. ಕುದುರೆ ಏರಬೇಕು, ಕತ್ತಿ ಬೀಸಬೇಕು, ಕಣ್ಣಿನಿಂದ ಮಾತನಾಡಬೇಕು. ಕಂಠವಿದ್ದರೂ ಇಲ್ಲದಿದ್ದರೂ ಒಂದೇ. ಆರಡಿಯ ಆಳಿಗೆ ಇದು ಕಷ್ಟವಾಗಲಿಲ್ಲ. ಅದರೆ ಅವರ ನಿಜವಾದ ಸಂಪತ್ತು ಯಾರ ಕಿವಿಗೂ ಬೀಳದೆ ಗಂಟಲಿನಲ್ಲಿಯೇ ಉಳಿದಿತ್ತು.

1931ನೆಯ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಇರಾಣಿಯವರ ‘ಆಲಂ ಆರಾ’ ಬಂದಿತು. ಭಾರತದ ಪ್ರಥಮ ವಾಕ್ಚಿತ್ರವಿದು. ಇದರಲ್ಲಿ ಪೃಥ್ವೀರಾಜರದು ಸೇನಾಪತಿಯ ಪಾತ್ರ. ಕಥಾನಾಯಕಿಯು ಈ ಸೇನಾಪತಿಯ ಮಗಳು. ಇಪ್ಪತ್ತನಾಲ್ಕು ವರ್ಷದ ನಟನಿಗೆ ತಂದೆಯ ವೇಷ! ಮುಂದೆ ನಾಲ್ವತ್ತು ವರ್ಷ ತಂದೆಯಾಗಿ, ಅರಸನಾಗಿ, ಅಜ್ಜನಾಗಿ ತೆರೆಯನ್ನು ಆಳಲಿದ್ದವರಿಗೆ ವಿಧಿಯು ಮೊದಲೇ ಕೊಟ್ಟ ಮುನ್ಸೂಚನೆ ಇದೆಂದರೂ ಆದೀತು. ಆ ಚಿತ್ರದ ಪ್ರತಿಯೊಂದೂ ಇಂದು ಉಳಿದಿಲ್ಲ. ವಾಕ್ಚಿತ್ರದ ಆಗಮನದಿಂದ ಎಷ್ಟೋ ಮಂದಿ ಮೂಕನಟರ ಅನ್ನಕ್ಕೆ ಕಲ್ಲು ಬಿದ್ದಿತು. ರೂಪವಿದ್ದವರಿಗೆ ಉಚ್ಚಾರಣೆ ಇರಲಿಲ್ಲ, ಉಚ್ಚಾರಣೆ ಇದ್ದವರಿಗೆ ಕಂಠವಿರಲಿಲ್ಲ. ಪೃಥ್ವೀರಾಜರಿಗಾದರೋ ಆಗ ಬೆಳಗಾಯಿತು.

ಆ ವರ್ಷವೇ ಅವರ ಮನೆಯಲ್ಲಿ ಕತ್ತಲೆಯೂ ಕವಿಯಿತು. ಶಮ್ಮಿಯು ಇನ್ನೂ ತಾಯಿಯ ಗರ್ಭದಲ್ಲಿದ್ದಾಗ, ರಾಜನಿಗಿಂತ ಕಿರಿಯರಾದ ಇಬ್ಬರು ಗಂಡುಮಕ್ಕಳು ಒಂದೇ ವಾರದ ಅಂತರದಲ್ಲಿ ತೀರಿಕೊಂಡರು. ಈ ದುಃಖವನ್ನು ಕುರಿತು ನಾವು ಹೆಚ್ಚು ಬರೆಯಲಾರೆವು.

ಇಲ್ಲಿ ಯಾರಾದರೂ ವ್ಯವಹಾರಜ್ಞರಾಗಿದ್ದರೆ ವಾಕ್ಚಿತ್ರಗಳಿಂದ ಹಣ ಮಾಡಿಕೊಳ್ಳಲು ಮುಂಬಯಿಯಲ್ಲಿಯೇ ನೆಲೆಯೂರುತ್ತಿದ್ದರು. ಪೃಥ್ವೀರಾಜರು ಮಾಡಿದುದೇ ಬೇರೆ. ಗ್ರ್ಯಾಂಟ್ ಆಂಡರ್ಸನ್ ಎಂಬ ಆಂಗ್ಲ ನಟರು ಷೇಕ್ಸ್‌ಪಿಯರನ ನಾಟಕಗಳನ್ನು ಆಡಿಸುತ್ತ ನಮ್ಮ ದೇಶದಲ್ಲಿ ಸಂಚರಿಸುತ್ತಿದ್ದರು. ಆ ಕಂಪೆನಿಯನ್ನು ಇವರು ಸೇರಿದರು. ಇಂಗ್ಲಿಷರ ನಡುವೆ ನಿಂತು ಇಂಗ್ಲಿಷಿನಲ್ಲಿ ‘ಹ್ಯಾಮ್ಲೆಟ್’ ನಾಟಕದ ಲೇಯರ್ಟೀಸನಾದರು. ಕಂಪೆನಿಯು ನಷ್ಟಕ್ಕೆ ಸಿಕ್ಕಿ ಕಲಕತ್ತೆಯಲ್ಲಿ ನಿಂತುಹೋಯಿತು, ನಟರು ಬೀದಿಪಾಲಾದರು. ಆದರೆ ಊರೂರು ತಿರುಗಿ ನಾಟಕವಾಡುವ ಕಂಪೆನಿಯ ಬಾಳು ಎಂಥದು, ಅದರ ಶಿಸ್ತೇನು, ಅದರ ಹಸಿವೇನು ಎಂಬುದನ್ನು ಪೃಥ್ವೀರಾಜರು ಅಲ್ಲಿಯೇ ಕಲಿತರು. ಮುಂದೆ ತಾವೇ ಅಂಥದೊಂದನ್ನು ಕಟ್ಟಿದಾಗ, ಅದು ಹೇಗೆ ಮುಗಿಯಬಹುದೆಂಬುದನ್ನು ಅರಿಯದೆ ಕಟ್ಟಿದರೆಂದು ಯಾರೂ ಹೇಳುವಂತಿಲ್ಲ.

ಕಲಕತ್ತೆಯಲ್ಲಿ ಆಗ ಬಿ. ಎನ್. ಸರ್ಕಾರರ ನ್ಯೂ ಥಿಯೇಟರ್ಸ್ ಸಂಸ್ಥೆಯು ದೇಶದಲ್ಲಿಯೇ ಸುಸಂಸ್ಕೃತವಾದ ಚಿತ್ರಗಳನ್ನು ತೆಗೆಯುತ್ತಿತ್ತು. ದೇವಕೀ ಬೋಸರ ‘ರಾಜರಾಣಿ ಮೀರಾ’ (1933) ಚಿತ್ರದಲ್ಲಿ ದುರ್ಗಾ ಖೋಟೆಯವರೊಡನೆ ಪೃಥ್ವೀರಾಜರು ಅಭಿನಯಿಸಿದರು. ಮರುವರ್ಷ ಅದೇ ದೇವಕೀ ಬೋಸರು ಈಸ್ಟ್ ಇಂಡಿಯಾ ಫಿಲಂ ಕಂಪೆನಿಗಾಗಿ ತೆಗೆದ ‘ಸೀತಾ’ ಚಿತ್ರದಲ್ಲಿ ಇವರೇ ಶ್ರೀರಾಮರು, ಖೋಟೆಯವರೇ ಸೀತೆ. 1934ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟು ಆ ಚಿತ್ರವು ಗೌರವಪತ್ರವನ್ನು ಪಡೆಯಿತು. 1937ರ ‘ವಿದ್ಯಾಪತಿ’ಯಲ್ಲಿ ಅವರು ಮಿಥಿಲೆಯ ರಾಜ ಶಿವಸಿಂಹರಾದರು, ತನ್ನ ರಾಣಿಯ ಮನಸ್ಸು ಆಸ್ಥಾನಕವಿಯ ಕಡೆಗೆ ಹರಿಯುತ್ತಿರುವುದನ್ನು ಕಂಡೂ ಗೆಳೆತನವನ್ನು ಬಿಡಲಾರದ ಅರಸನ ಸಂಕಟವನ್ನು ಅಬ್ಬರವಿಲ್ಲದೆ ತೋರಿಸಿದರು. ಪೃಥ್ವೀರಾಜರಿಗೆ ಗರ್ಜಿಸುವುದೊಂದೇ ಗೊತ್ತೆಂದು ಆಕ್ಷೇಪಿಸುವ ವಿಮರ್ಶಕರು ಈ ಚಿತ್ರವನ್ನು ನೋಡಬೇಕೆಂದು ನಾವು ವಿನಯದಿಂದ ಸೂಚಿಸುತ್ತೇವೆ. ಕಲಕತ್ತೆಯ ವಾಸದ ಕಡೆಯ ಭಾಗದಲ್ಲಿ, 1938ರಲ್ಲಿ, ಕಿರಿಯ ಮಗ ಶಶಿ ಅಲ್ಲಿಯೇ ಹುಟ್ಟಿದನು.

ಆ ಬಳಿಕ ಅವರು ಮುಂಬಯಿಗೆ ಮರಳಿ ಚಂದುಲಾಲ ಶಾಹರ ರಣಜಿತ್ ಸಂಸ್ಥೆಯನ್ನು ಸೇರಿದರು. 1940ರ ‘ಪಾಗಲ್’ ಚಿತ್ರದಲ್ಲಿ ಹುಚ್ಚಾಸ್ಪತ್ರೆಯ ವೈದ್ಯನಾಗಿ, ತಾನೇ ವಿವೇಕವನ್ನು ಕಳೆದುಕೊಳ್ಳುವ ಪಾತ್ರವನ್ನು ವಹಿಸಿದರು. ಇಷ್ಟರಲ್ಲಿ ಅವರ ಕೀರ್ತಿಯನ್ನು ದೇಶದ ನಾಲ್ಕು ಮೂಲೆಗೂ ಮುಟ್ಟಿಸುವ ಪಾತ್ರವು ಕಾದಿತ್ತು. ಸೊಹ್ರಾಬ್ ಮೋದಿಯವರ ‘ಸಿಕಂದರ್’ ಚಿತ್ರವು 1941ರಲ್ಲಿ ಬಂದಿತು. ಯವನ ಚಕ್ರವರ್ತಿ ಅಲೆಗ್ಜಾಂಡರನಾಗಿ ಪೃಥ್ವೀರಾಜರು, ಪೌರವ ರಾಜನಾಗಿ ಮೋದಿಯವರು. ಎರಡು ಮಹಾಕಂಠಗಳು ಎದುರುಬದುರಾಗಿ ನಿಂತುವು. ಆನೆ, ಕುದುರೆ, ರಥ, ಸಾವಿರಾರು ಪದಾತಿಗಳಿಂದ ಕೂಡಿದ ಯುದ್ಧದೃಶ್ಯಗಳು ಜನರನ್ನು ಬೆರಗುಗೊಳಿಸಿದುವು. ಆದರೆ ಚಿತ್ರದ ಶಕ್ತಿಯು ಆನೆಗಳಲ್ಲಿರಲಿಲ್ಲ. ಹೊರಗಿನಿಂದ ದಂಡೆತ್ತಿ ಬಂದ ದೊರೆಯ ಮುಂದೆ ಈ ನೆಲದ ಅರಸನೊಬ್ಬನು ಸೋತರೂ ತಲೆಬಾಗದೆ ನಿಲ್ಲುವುದನ್ನು, ಕಡೆಗೆ ಬಂದವನು ಬಂದ ದಾರಿಯಲ್ಲಿ ಹಿಂದಿರುಗುವುದನ್ನು, 1941ರ ಭಾರತೀಯನು ಯಾವ ಅರ್ಥದಲ್ಲಿ ನೋಡಿದನೆಂಬುದನ್ನು ಸರಕಾರವೂ ಅರಿತಿತ್ತು. ಸೆನ್ಸಾರಿನ ಒಪ್ಪಿಗೆ ದೊರೆತ ಚಿತ್ರವನ್ನು ದಂಡುಪ್ರದೇಶದ ಚಿತ್ರಮಂದಿರಗಳಲ್ಲಿ ಆಮೇಲೆ ನಿಷೇಧಿಸಿದರು. ವಿನೋದವೆಂದರೆ, ಆಕ್ರಮಣಕಾರನ ಪಾತ್ರವಹಿಸಿದ ಪೃಥ್ವೀರಾಜರನ್ನೇ ಜನರು ತಮ್ಮವರೆಂದು ಎತ್ತಿಕೊಂಡರು. ಸಿಕಂದರನಿಗೆ ಅವರು ಕೊಟ್ಟ ರೂಪವು ಅಷ್ಟು ಮನೋಹರವಾಗಿತ್ತು. ‘ಮಹಾರಥಿ ಕರ್ಣ’, ‘ವಿಕ್ರಮಾದಿತ್ಯ’, ‘ವಾಲ್ಮೀಕಿ’ ಮುಂತಾದ ಚಿತ್ರಗಳು ಇದರ ಬೆನ್ನಿಗೆ ಬಂದುವು. ಅವುಗಳ ವಿವರಕ್ಕೆ ನಾವು ಹೋಗುವುದಿಲ್ಲ. ವಾಲ್ಮೀಕಿಯ ಎದುರಿಗೆ ನಾರದನ ವೇಷದಲ್ಲಿ ಬಂದವನು ಮಗ ರಾಜನೆಂಬುದನ್ನು ಮಾತ್ರ ಹೇಳಿ ಮುಂದುವರಿಯುತ್ತೇವೆ.

ಕೀರ್ತಿ ಬಂದಿತು, ಹಣ ಬಂದಿತು. ಅಷ್ಟು ಹೊತ್ತಿಗೆ ಅವರು ಅದನ್ನು ಖರ್ಚು ಮಾಡುವ ಮಾರ್ಗವನ್ನು ಕಂಡುಹಿಡಿದರು. 1944ನೆಯ ಜನವರಿ 15ರಂದು ಪೃಥ್ವೀ ಥಿಯೇಟರ್ಸ್ ಎಂಬ ಸಂಚಾರಿ ನಾಟಕ ಮಂಡಲಿ ಹುಟ್ಟಿತು. ಕಾಲವನ್ನು ವಾಚಕರು ಗಮನಿಸಬೇಕು. ಪಾರ್ಸಿ ನಾಟಕ ಕಂಪೆನಿಗಳು ವಾಕ್ಚಿತ್ರದ ಹೊಡೆತಕ್ಕೆ ಸಿಕ್ಕಿ ಒಂದೊಂದಾಗಿ ಮುಚ್ಚಿದ್ದುವು. ಅವುಗಳ ನಾಟಕಶಾಲೆಗಳು ಚಿತ್ರಮಂದಿರಗಳಾಗಿದ್ದುವು. ಹಿಂದಿ-ಉರ್ದು ರಂಗಭೂಮಿಯಲ್ಲಿ ವೃತ್ತಿಯಾಗಿ ನಾಟಕವಾಡಿ ಬದುಕಬಹುದೆಂದು ನಂಬುವವರೇ ಇರಲಿಲ್ಲ. ಇಂಥ ಹೊತ್ತಿನಲ್ಲಿ, ರಂಗಭೂಮಿಯನ್ನು ಕೊಂದ ಆ ಚಿತ್ರಪಟದ ಹಣದಿಂದಲೇ ರಂಗಭೂಮಿಯನ್ನು ಬದುಕಿಸಲು ಹೊರಟವರು ಪೃಥ್ವೀರಾಜರೊಬ್ಬರು.

ಮೊದಲ ನಾಟಕ ‘ಶಾಕುಂತಲ’. ಅದು ಜನರಿಗೆ ರುಚಿಸಲಿಲ್ಲ. ಕೈಯಲ್ಲಿದ್ದ ಹಣ ಹೋಯಿತು. ಎರಡನೆಯದು ‘ದೀವಾರ್’, ಎಂದರೆ ಗೋಡೆ. 1945ರ ಆಗಸ್ಟಿನಲ್ಲಿ ರಂಗಕ್ಕೇರಿತು. ಒಂದು ಹಳ್ಳಿ, ಒಂದು ದೊಡ್ಡ ಮನೆ, ಅನ್ಯೋನ್ಯವಾಗಿದ್ದ ಅಣ್ಣತಮ್ಮಂದಿರು. ಆಶ್ರಯ ಬೇಡಿ ಬಂದ ವಿದೇಶೀಯರು ಮನೆಯೊಳಗೆ ಕಾಲೂರಿ ಸೋದರರ ನಡುವೆ ವಿಷ ಬಿತ್ತುತ್ತಾರೆ. ಮನೆಯ ನಡುವೆ ಗೋಡೆ ಏಳುತ್ತದೆ. ಕಟ್ಟಕಡೆಗೆ ಊರಿನ ರೈತರು, ಹೆಂಗಸರು ಗುದ್ದಲಿ ಹಿಡಿದು ಬಂದು ಗೋಡೆಯನ್ನು ಕೆಡವುತ್ತಾರೆ. ಈ ಕಥೆಗೆ ವ್ಯಾಖ್ಯಾನ ಬೇಕಾಗಿರಲಿಲ್ಲ. ಪ್ರತಿ ಪ್ರಯೋಗದಲ್ಲಿಯೂ ರಂಗದ ಮೇಲೆ ಗೋಡೆ ಬೀಳುತ್ತಿತ್ತು. ಹೊರಗೆ ಅದೇ ಎರಡು ವರ್ಷಗಳಲ್ಲಿ ಗೋಡೆಯು ಇಟ್ಟಿಗೆ ಇಟ್ಟಿಗೆಯಾಗಿ ಏಳುತ್ತಿತ್ತು. 1947ರ ಆಗಸ್ಟಿನಲ್ಲಿ ಅದು ಪೂರ್ತಿಯಾದಾಗ, ಪೃಥ್ವೀರಾಜರು ಹುಟ್ಟಿದ ಸಮುಂದ್ರಿ, ಬೆಳೆದ ಪೇಷಾವರ, ಓದಿದ ಲಾಹೋರು ಮೂರೂ ಗೋಡೆಯ ಆಚೆಗೆ ಉಳಿದುವು.

ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ, ಪಂಜಾಬು ಆಗಲೇ ಹತ್ತಿ ಉರಿಯುತ್ತಿರುವಾಗ, ಅವರು ‘ಪಠಾಣ್’ ನಾಟಕವನ್ನು ಆಡಿದರು. ಗಡಿನಾಡಿನ ಮುಸಲ್ಮಾನ ಪಠಾಣನಿಗೂ ಅವನ ಹಿಂದೂ ದಿವಾನನ ಮನೆತನಕ್ಕೂ ಇದ್ದ ಸ್ನೇಹದ ಕಥೆಯಿದು. ಕೊಟ್ಟ ಮಾತಿಗಾಗಿ ಪಠಾಣನು ಗೆಳೆಯನ ಮಗನನ್ನು ಉಳಿಸಿ ತನ್ನ ಮಗನನ್ನು ಕಳೆದುಕೊಳ್ಳುತ್ತಾನೆ. ಶೇರ್ ಖಾನನ ಪಾತ್ರವು ಪೃಥ್ವೀರಾಜರದೇ. ಹಿಂದೂ ನಟನೊಬ್ಬನು ಆ ದಿನಗಳಲ್ಲಿ ಪಠಾಣನ ವೇಷದಲ್ಲಿ ನಿಂತು ಪಠಾಣನ ಧರ್ಮವನ್ನು ಎತ್ತಿಹಿಡಿಯುವುದಕ್ಕೆ ಎದೆಗಾರಿಕೆ ಬೇಕಾಗಿತ್ತು. ‘ಗದ್ದಾರ್’ (1948) ಮತ್ತು ‘ಆಹುತಿ’ (1949) ಆ ಬಳಿಕ ಬಂದುವು. ‘ಆಹುತಿ’ಯಲ್ಲಿ ದೇಶ ಒಡೆದಾಗ ಅಪಹೃತಳಾದ ಹೆಣ್ಣೊಬ್ಬಳು ತನ್ನವರಲ್ಲಿಗೆ ಮರಳಿದಾಗ ಅವಳನ್ನು ಸ್ವೀಕರಿಸಲಾರದ ಸಮಾಜದ ಚಿತ್ರವಿದೆ. ಸ್ವಾತಂತ್ರ್ಯದ ಸಂಭ್ರಮದ ನಡುವೆ ಯಾರೂ ಆಡಲು ಇಚ್ಛಿಸದ ಮಾತನ್ನು ಅವರು ಟಿಕೆಟು ಕೊಂಡು ಬಂದ ಜನರ ಮುಂದೆ ಆಡಿದರು. ‘ಕಲಾಕಾರ್’, ‘ಪೈಸಾ’, ‘ಕಿಸಾನ್’ ಆಮೇಲಿನವು. ‘ಪೈಸಾ’ವನ್ನು ತಾವೇ ನಿರ್ದೇಶಿಸಿ 1957ರಲ್ಲಿ ಚಿತ್ರವಾಗಿಯೂ ತೆಗೆದರು.

ಮಂಡಲಿಗೆ ಸ್ವಂತ ನಾಟಕಶಾಲೆ ಇರಲಿಲ್ಲ. ಮುಂಬಯಿಯಲ್ಲಿರುವಾಗ ರಾಯಲ್ ಆಪೆರಾ ಹೌಸಿನಲ್ಲಿ ಸಿನಿಮಾ ನಡೆಯದ ಹೊತ್ತನ್ನು ಬಾಡಿಗೆಗೆ ಪಡೆದು ಆಡುತ್ತಿದ್ದರು; ಉಳಿದ ದಿನಗಳಲ್ಲಿ ಪರದೆ, ಪೆಟ್ಟಿಗೆ, ಪಾತ್ರೆಪಡಗಗಳೊಡನೆ ರೈಲು ಹತ್ತಿ ದೇಶವೆಲ್ಲ ತಿರುಗುತ್ತಿದ್ದರು. ಹದಿನಾರು ವರ್ಷಗಳಲ್ಲಿ 2,600ಕ್ಕೂ ಮೀರಿ ಪ್ರಯೋಗಗಳಾದುವೆಂದು ಲೆಕ್ಕ. ಪ್ರತಿಯೊಂದರಲ್ಲಿಯೂ ಮುಖ್ಯ ಪಾತ್ರವು ಯಜಮಾನರದೇ. ಜೊಹ್ರಾ ಸೆಹಗಲ್, ಅವರ ತಂಗಿ ಉಜ್ರಾ ಮೊದಲಾದ ನಟಿಯರು ಅಲ್ಲಿದ್ದರು. ಸಂಗೀತದ ಮೇಳದಲ್ಲಿ ರಾಮ ಗಂಗೂಲಿಯವರ ಕೈಕೆಳಗೆ ತಬಲಾ ಬಾರಿಸುತ್ತಿದ್ದ ಶಂಕರನೂ ಹಾರ್ಮೋನಿಯಂ ನುಡಿಸುತ್ತಿದ್ದ ಜಯಕಿಶನನೂ ಮುಂದೆ ಜೋಡಿಯಾಗಿ ಹಿಂದೀ ಚಿತ್ರಸಂಗೀತವನ್ನೇ ಆಳಿದರು. ಮೂವರು ಗಂಡುಮಕ್ಕಳೂ ಈ ಮಂಡಲಿಯಲ್ಲಿಯೇ ಪಾಠ ಕಲಿತರು. ಯಜಮಾನರ ಮಕ್ಕಳೆಂದು ಅಲ್ಲಿ ರಿಯಾಯಿತಿ ಇರಲಿಲ್ಲ.

ನಾಟಕ ಮುಗಿದೊಡನೆ ಪೃಥ್ವೀರಾಜರು ಬಣ್ಣ ಒರಸಿಕೊಂಡು ನಾಟಕಶಾಲೆಯ ಬಾಗಿಲಿಗೆ ಹೋಗಿ, ಬಟ್ಟೆಯ ಜೋಳಿಗೆಯನ್ನು ಒಡ್ಡಿ, ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಹೊರಗೆ ಹೋಗುವ ಪ್ರೇಕ್ಷಕರು ಕೈಗೆ ಬಂದುದನ್ನು ಹಾಕುತ್ತಿದ್ದರು. ನೆರೆ, ಬರ, ನಿರಾಶ್ರಿತರ ಸಂಕಟ, ಕಷ್ಟಕ್ಕೆ ಸಿಕ್ಕಿದ ಕಲಾವಿದರು, ಹೀಗೆ ಆಯಾ ಕಾಲದ ಅಗತ್ಯಕ್ಕೆ ಆ ಹಣ ಹೋಗುತ್ತಿತ್ತು. ಕ್ಷಣದ ಹಿಂದೆ ರಂಗದ ಮೇಲೆ ದೊರೆಯಾಗಿದ್ದವನು ಬಾಗಿಲಲ್ಲಿ ಭಿಕ್ಷುಕನಾಗಿ ನಿಂತಿರುವುದನ್ನು ಕಂಡವರು ಆ ನೋಟವನ್ನು ಬಾಳಿನುದ್ದಕ್ಕೂ ಮರೆಯಲಿಲ್ಲ. ಸಾರ್ವಜನಿಕ ನಿಧಿಗಳಿಗೆ ಹಣ ಕೂಡಿಸಲು ಹೊರಟು, ತಮ್ಮ ಭಾವಚಿತ್ರವನ್ನು ಮುಂದೆ ಕಳುಹಿಸುವ ಮಹನೀಯರು ನಮ್ಮ ನಡುವೆ ಇಲ್ಲದಿಲ್ಲ. ಅವರಿಗೆ ಈ ವಿಷಯವನ್ನು ಅರಿಕೆಮಾಡಿಕೊಳ್ಳುತ್ತೇವೆ.

ಕನ್ನಡಿಗರಾದ ನಮಗೆ ಇಲ್ಲಿ ಗುಬ್ಬಿ ವೀರಣ್ಣನವರ ಸ್ಮರಣೆ ಬಾರದಿರದು. ವೀರಣ್ಣನವರು ರಂಗಭೂಮಿಯಲ್ಲಿ ಗಳಿಸಿ ಚಿತ್ರಪಟದಲ್ಲಿ ಹೂಡಿದರು; ‘ಸದಾರಮೆ’, ‘ಸುಭದ್ರಾ’, ‘ಜೀವನ ನಾಟಕ’ಗಳಿಗೆ ನಾಟಕದ ಹಣವೇ ಆಧಾರ. ಪೃಥ್ವೀರಾಜರು ಚಿತ್ರಪಟದಲ್ಲಿ ಗಳಿಸಿ ರಂಗಭೂಮಿಗೆ ಸುರಿದರು. ಒಬ್ಬರ ನೀರು ಹೊಳೆಯಿಂದ ಕಾಲುವೆಗೆ, ಇನ್ನೊಬ್ಬರದು ಕಾಲುವೆಯಿಂದ ಹೊಳೆಗೆ. ಇಬ್ಬರೂ 1972ರಲ್ಲಿಯೇ ಕಣ್ಮುಚ್ಚಿದರು.

1952ರಲ್ಲಿ ರಾಜ್ಯಸಭೆಯು ಪ್ರಥಮವಾಗಿ ರಚಿತವಾದಾಗ ರಾಷ್ಟ್ರಪತಿಗಳು ನಾಮಕರಣ ಮಾಡಿದ ಹನ್ನೆರಡು ಮಂದಿಯಲ್ಲಿ ಪೃಥ್ವೀರಾಜರೂ ಒಬ್ಬರು. ಡಾಕ್ಟರ್ ಜಾಕಿರ್ ಹುಸೇನರು, ವಿಜ್ಞಾನಿ ಸತ್ಯೇಂದ್ರನಾಥ ಬೋಸರು, ಕವಿ ಮೈಥಿಲೀಶರಣ ಗುಪ್ತರು, ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು ಅವರ ಜೊತೆಯವರು. ನಟನೆಂದರೆ ಮನೆ ಬಾಡಿಗೆಗೂ ಕೊಡಲು ಹಿಂಜರಿಯುತ್ತಿದ್ದ ಸಮಾಜದಲ್ಲಿ ನಟನಿಗೆ ಶಾಸನಸಭೆಯ ಪೀಠ ದೊರೆತುದು ಸಣ್ಣ ಸಂಗತಿಯಲ್ಲ. 1960ರವರೆಗೆ ಅವರು ಸದಸ್ಯರಾಗಿದ್ದರು. ಸಂಗೀತ ನಾಟಕ ಅಕಾಡೆಮಿಯ ಗೌರವವೂ ಅವರಿಗೆ ಸಂದಿತು. ಆದರೂ ಸರಕಾರದ ಗೌರವವು ನಾಟಕ ಮಂಡಲಿಯ ಸಂಬಳದ ಪಟ್ಟಿಯನ್ನು ತುಂಬಲಿಲ್ಲ. ತುಂಬಿದುದು ಚಿತ್ರಪಟದ ಸಂಪಾದನೆ.

ಆ ಸಂಪಾದನೆಯ ಚಿತ್ರಗಳಲ್ಲಿ ಎರಡು ಮೂರನ್ನಾದರೂ ಹೆಸರಿಸಬೇಕು. ಶಾಂತಾರಾಮರ ‘ದಹೇಜ್’ (1950) ವರದಕ್ಷಿಣೆಯ ಪಿಡುಗನ್ನು ಕುರಿತದ್ದು. ಮಗಳ ಬಾಳಿಗಾಗಿ ಮನೆಮಾರು ಕಳೆದುಕೊಳ್ಳುವ ತಂದೆಯಾಗಿ ಪೃಥ್ವೀರಾಜರು ಜನರನ್ನು ಅಳಿಸಿದರು. 1952ರ ‘ಆನಂದಮಠ’ದಲ್ಲಿ ಸಂತಾನರ ಗುರು ಸತ್ಯಾನಂದರಾದರು. ಇವೆರಡರ ನಡುವೆ, 1951ರಲ್ಲಿ, ಮಗ ರಾಜನು ತೆಗೆದ ‘ಆವಾರಾ’ ಬಂದಿತು. ಹುಟ್ಟಿನಿಂದಲೇ ಮನುಷ್ಯನು ಕಳ್ಳನೋ ಸಾಧುವೋ ಆಗುತ್ತಾನೆಂದು ನಂಬಿದ ನ್ಯಾಯಾಧೀಶ ರಘುನಾಥನು, ಗರ್ಭಿಣಿಯಾದ ಹೆಂಡತಿಯನ್ನು ಸಂಶಯದಿಂದ ಹೊರಗಟ್ಟುತ್ತಾನೆ. ಬೀದಿಯಲ್ಲಿ ಬೆಳೆದ ಮಗನು ಕಡೆಗೆ ಅಪರಾಧಿಯಾಗಿ ನ್ಯಾಯಾಲಯದಲ್ಲಿ ನಿಲ್ಲುತ್ತಾನೆ. ತಂದೆಯನ್ನು ತಂದೆಯ ಪಾತ್ರದಲ್ಲಿಯೇ ನಿಲ್ಲಿಸಿ, ಅವರ ಅಹಂಕಾರವನ್ನು ಮಗನೇ ಬಯಲಿಗೆಳೆಯುವುದು ಮಗನಿಗೂ ಸುಲಭವಾಗಿರಲಾರದು, ತಂದೆಗೂ ಸುಲಭವಾಗಿರಲಾರದು. ಇದೇ ಚಿತ್ರದಲ್ಲಿ ವೃದ್ಧ ಬಸೇಶ್ವರನಾಥರು ನ್ಯಾಯಪೀಠದ ಮೇಲೆ ಕುಳಿತು ಕಾಣಿಸಿಕೊಳ್ಳುತ್ತಾರೆ. ಬಾಲ್ಯದ ನಾಯಕನಾಗಿ ಶಶಿಯು ಬರುತ್ತಾನೆ. ಪೋಲೀಸು ಉಡುಪನ್ನು ಧರಿಸಿದ್ದ ಆ ತಂದೆ, ಮಗನು ಮನೆ ಬಿಟ್ಟು ಹೋದ ಕಸಬಿಗೆ ಮುಪ್ಪಿನಲ್ಲಿ ತಾವೂ ಬಂದು ಮುಖವೊಡ್ಡಿದುದು ನಮಗೆ ತುಂಬ ರುಚಿಸಿದ ಸಂಗತಿ. ಸೋವಿಯೆಟ್ ದೇಶದಲ್ಲಿ ಈ ಚಿತ್ರಕ್ಕೆ ದೊರೆತ ಆದರವನ್ನು ವಾಚಕರು ಬಲ್ಲರು.

ಇನ್ನು ‘ಮೊಗಲ್-ಎ-ಆಜಂ’. ಕೆ. ಆಸಿಫರು ಈ ಚಿತ್ರವನ್ನು ಆರಂಭಿಸಿದುದು ಸ್ವಾತಂತ್ರ್ಯಕ್ಕೆ ಮುಂಚೆ. ಅಂದಿನ ಅಕ್ಬರನು ಚಂದ್ರಮೋಹನರು. ದೇಶ ಒಡೆದುದರಿಂದ ಕೆಲಸ ನಿಂತಿತು. 1949ರಲ್ಲಿ ಚಂದ್ರಮೋಹನರು ತೀರಿಕೊಂಡರು. ಪಾತ್ರವು ಪೃಥ್ವೀರಾಜರಿಗೆ ಬಂದಿತು. ವರ್ಷಗಟ್ಟಲೆ ನಡೆದ ಚಿತ್ರೀಕರಣವು ಮುಗಿದು 1960ನೆಯ ಆಗಸ್ಟ್ 5ರಂದು ಚಿತ್ರ ತೆರೆಗೆ ಬಂದಿತು. ಮಗನನ್ನು ಬೇಡಿ ಬಾದಶಹನು ಬರಿಗಾಲಿನಲ್ಲಿ ಸಂತನ ಸನ್ನಿಧಿಗೆ ಹೋಗುವ ದೃಶ್ಯಕ್ಕಾಗಿ ಪೃಥ್ವೀರಾಜರು ಕಾದ ಮರಳಿನ ಮೇಲೆ ನಿಜವಾಗಿಯೇ ಬರಿಗಾಲಿನಲ್ಲಿ ನಡೆದು ಪಾದಗಳಲ್ಲಿ ಬೊಬ್ಬೆಯೆದ್ದುವೆಂದು ಹೇಳುವುದುಂಟು. ನಮಗೆ ಇದಕ್ಕಿಂತ ಮುಖ್ಯವಾಗಿ ಕಂಡುದು ಇನ್ನೊಂದು. ಕಥೆಯ ಪ್ರಕಾರ ಅಕ್ಬರನು ಪ್ರೇಮಿಗಳಿಗೆ ಅಡ್ಡವಾಗಿ ನಿಂತ ಕಠಿಣಹೃದಯಿ. ಬೇರೆ ನಟನ ಕೈಯಲ್ಲಿ ಅವನು ಖಳನಾಗಿಬಿಡುತ್ತಿದ್ದನು. ಪೃಥ್ವೀರಾಜರ ಅಕ್ಬರನಲ್ಲಿ ಮಗನ ಮೇಲಣ ಮಮತೆಯೂ ಸಿಂಹಾಸನದ ಧರ್ಮವೂ ಸರಿಸಮವಾಗಿ ತೂಗುತ್ತವೆ. ತಕ್ಕಡಿಯ ಮುಳ್ಳು ಅಲುಗುವುದನ್ನು ನಾವು ಅವರ ಕಣ್ಣಿನಲ್ಲಿ ಕಾಣುತ್ತೇವೆ. ಪ್ರೇಕ್ಷಕನು ಅನಾರ್ಕಲಿಗಾಗಿ ಅಳುತ್ತಲೇ ಬಾದಶಹನಿಗಾಗಿಯೂ ನಿಟ್ಟುಸಿರು ಬಿಡುತ್ತಾನೆ.

ತೆರೆಯ ಮೇಲೆ ಈ ಪಟ್ಟಾಭಿಷೇಕವಾದ 1960ರಲ್ಲಿಯೇ ಪೃಥ್ವೀ ಥಿಯೇಟರ್ಸ್ ಮುಚ್ಚಿತು. ಸಾಲವು ಒಂದು ಕಾರಣ, ಕಂಠವು ಇನ್ನೊಂದು. ಧ್ವನಿವರ್ಧಕದ ನೆರವಿಲ್ಲದೆ, ಸಾವಿರಾರು ಪ್ರಯೋಗಗಳಲ್ಲಿ ಕಡೆಯ ಬೆಂಚಿನವನಿಗೂ ಕೇಳಿಸಬೇಕೆಂದು ದುಡಿಸಿದ ಆ ಗಂಟಲು ಒಡೆದುಹೋಗಿತ್ತು. ಕೀರ್ತಿಯ ಶಿಖರದ ಮೇಲೆ ನಿಂತಿದ್ದ ಆ ನಟನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ತನ್ನ ಬಾಳಿನ ಕೆಲಸವನ್ನು ಕಳೆದುಕೊಂಡಿದ್ದನು. ದೇಶವು ಸಿನಿಮಾ ಟಿಕೆಟಿಗಾಗಿ ಸಾಲುಗಟ್ಟಿ ನಿಂತಿದ್ದಾಗ ಮಂಡಲಿಯ ಪರದೆ ಪೆಟ್ಟಿಗೆಗಳ ವಿಲೇವಾರಿಯನ್ನು ಕೇಳಿದವರು ಕಡಮೆ.

ಮುಂದಿನ ಹನ್ನೆರಡು ವರ್ಷ ಅವರು ಚಿತ್ರಗಳಲ್ಲಿಯೇ ಇದ್ದರು. ಆ ಕಾಲದ ಎಲ್ಲ ಚಿತ್ರಗಳನ್ನೂ ಹೊಗಳಬೇಕೆಂದರೆ ಅದು ಸತ್ಯಕ್ಕೆ ದೂರ. ಅಗ್ಗದ ಪುರಾಣಕಥೆಗಳು, ದಾರಾಸಿಂಗರ ಕುಸ್ತಿಯ ಕಥೆಗಳು, ಗೋಂದು ಹಚ್ಚಿದ ಗಡ್ಡಗಳು. ಬಂದ ಪಾತ್ರವನ್ನು ಅವರು ಒಲ್ಲೆನೆನ್ನಲಿಲ್ಲ. ಆದರೆ ಅವುಗಳ ನಡುವೆಯೂ ಸ್ವಾರಸ್ಯಗಳಿವೆ. 1965ರ ‘ಸಿಕಂದರ್-ಎ-ಆಜಂ’ದಲ್ಲಿ ದಾರಾಸಿಂಗರು ಸಿಕಂದರರಾದರೆ ಪೃಥ್ವೀರಾಜರು ಪೌರವ ರಾಜರಾದರು, ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಯಾವ ಅರಸನ ಮೇಲೆ ದಂಡೆತ್ತಿ ಹೋಗಿದ್ದರೋ ಆ ಅರಸನ ಕಿರೀಟವೇ ಅವರ ತಲೆಗೆ ಬಂದಿತು. ಅದೇ ವರ್ಷ ಖ್ವಾಜಾ ಅಹಮದ್ ಅಬ್ಬಾಸರ ‘ಆಸ್ಮಾನ್ ಮಹಲ್’ ಬಂದಿತು. ಹೈದರಾಬಾದಿನ ಪಾಳುಬಿದ್ದ ಅರಮನೆಯಲ್ಲಿ, ಕಾಲ ಬದಲಾದುದನ್ನು ಒಪ್ಪದೆ ಕುಳಿತ ಮುದಿ ನವಾಬನ ಪಾತ್ರ. ಒಡೆದ ಕಂಠವೇ ಇಲ್ಲಿ ಪಾತ್ರಕ್ಕೆ ಅಲಂಕಾರವಾಯಿತು. ಹಣವಿಲ್ಲದ ಚಿತ್ರವೆಂದು ಜನರು ಹೆಚ್ಚಾಗಿ ನೋಡಲಿಲ್ಲ. ಆದರೆ ಅಕ್ಬರನ ಪಕ್ಕದಲ್ಲಿ ಇಡಬಹುದಾದ ಪಾತ್ರವು ಅವರ ಚಿತ್ರಗಳಲ್ಲಿ ಒಂದಿದ್ದರೆ ಅದು ಇದೇ ಎಂದು ನಮ್ಮ ಮತ. ಪಂಜಾಬಿಯ ‘ನಾನಕ್ ನಾಮ್ ಜಹಾಜ್ ಹೈ’ (1969) ಚಿತ್ರದಿಂದ ಅವರು ತಮ್ಮ ತಾಯ್ನುಡಿಯ ಜನಕ್ಕೂ ಸಂದರು. ಆ ವರ್ಷವೇ ಪದ್ಮಭೂಷಣ ಪದವಿಯೂ ಬಂದಿತು.

ಕನ್ನಡಕ್ಕೂ ಈ ನಟನ ಋಣವುಂಟು. 1971ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಸಾಕ್ಷಾತ್ಕಾರ’ ಚಿತ್ರದಲ್ಲಿ ನಮ್ಮ ರಾಜಕುಮಾರರ ತಂದೆಯಾಗಿ ಪೃಥ್ವೀರಾಜರು ಅಭಿನಯಿಸಿದರು. ಜಮುನಾ ಅವರು ನಾಯಕಿ, ಸಂಗೀತವು ಎಂ. ರಂಗರಾಯರದು. ಅರವತ್ತೈದನ್ನು ಸಮೀಪಿಸಿದ್ದ, ಆರೋಗ್ಯ ಕುಗ್ಗುತ್ತಿದ್ದ ಮಹಾನಟನು ತನಗೆ ಸಂಬಂಧವೇ ಇಲ್ಲದ ಭಾಷೆಯ ಚಿತ್ರಕ್ಕೆ ಬರಬೇಕಾದ ನಿರ್ಬಂಧವೇನೂ ಇರಲಿಲ್ಲ. ಗುಬ್ಬಿ ಕಂಪೆನಿಯಲ್ಲಿ ಬೆಳೆದುಬಂದ ರಾಜಕುಮಾರರೂ ಪೃಥ್ವೀ ಥಿಯೇಟರ್ಸಿನ ಯಜಮಾನರೂ ಒಂದೇ ಚೌಕಟ್ಟಿನಲ್ಲಿ ನಿಂತಾಗ, ಎರಡು ಸಂಚಾರಿ ನಾಟಕ ಕಂಪೆನಿಗಳ ಪರಂಪರೆ ಅಲ್ಲಿ ಸಂಧಿಸಿತು. ಇಬ್ಬರ ನಿಲುವಿನಲ್ಲಿಯೂ ರಂಗದ ಹಲಗೆಯ ಗುರುತು ಕಾಣುತ್ತದೆ. ಆ ಚಿತ್ರದ ಹಾಡುಗಳನ್ನು ಇಂದಿಗೂ ಗುನುಗುವ ಕನ್ನಡಿಗರು, ಅದರಲ್ಲಿನ ವೃದ್ಧ ತಂದೆಯು ಯಾರೆಂಬುದನ್ನು ತಮ್ಮ ಮಕ್ಕಳಿಗೂ ತಿಳಿಸಿದರೆ ನಮಗೆ ಸಂತೋಷ. ಅದೇ ವರ್ಷ ಮೊಮ್ಮಗ ರಣಧೀರನು ನಿರ್ದೇಶಿಸಿದ ‘ಕಲ್ ಆಜ್ ಔರ್ ಕಲ್’ ಚಿತ್ರದಲ್ಲಿ ಅಜ್ಜ, ತಂದೆ, ಮಗ ಮೂವರೂ ತಮ್ಮ ತಮ್ಮ ಸ್ಥಾನದಲ್ಲಿಯೇ ನಿಂತು ನಟಿಸಿದರು.

ಅಷ್ಟು ಹೊತ್ತಿಗೆ ಕ್ಯಾನ್ಸರ್ ರೋಗವು ದೇಹವನ್ನು ಹಿಡಿದಿತ್ತು. 1972ನೆಯ ಮೇ 29ರಂದು ಮುಂಬಯಿಯಲ್ಲಿ ಪೃಥ್ವೀರಾಜರು ದೇಹಬಿಟ್ಟರು. ಅದೇ ವ್ಯಾಧಿಯಿಂದ ನರಳುತ್ತಿದ್ದ ರಾಮಸರಣಿ ದೇವಿಯವರು ಒಂದು ತಿಂಗಳು ತುಂಬುವುದರೊಳಗೆ ಪತಿಯನ್ನು ಹಿಂಬಾಲಿಸಿದರು. 1971ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರ ಮರಣಾನಂತರ ಅವರಿಗೆ ಸಂದಿತು. ಹಿಂದಿನ ಸಾಲಿನಲ್ಲಿ ಅದನ್ನು ಪಡೆದವರು ಬಿ. ಎನ್. ಸರ್ಕಾರರು, ಕಲಕತ್ತೆಯಲ್ಲಿ ಬೀದಿಪಾಲಾಗಿದ್ದ ನಟನಿಗೆ ಕೆಲಸ ಕೊಟ್ಟಿದ್ದ ಯಜಮಾನರು.

ಮಂಡಲಿ ಮುಚ್ಚಿದ ಮೇಲೂ ಪೃಥ್ವೀರಾಜರು ಒಂದು ಕೆಲಸ ಮಾಡಿದ್ದರು. 1962ರಲ್ಲಿ ಮುಂಬಯಿಯ ಜುಹೂ ಕಡಲತೀರದ ಬಳಿ ನಾಟಕಶಾಲೆಗಾಗಿ ಒಂದು ತುಂಡು ನೆಲವನ್ನು ಗುತ್ತಿಗೆಗೆ ಹಿಡಿದಿದ್ದರು. ಕಟ್ಟಲು ಅವರಿಂದಾಗಲಿಲ್ಲ. ಕಿರಿಯ ಮಗ ಶಶಿ ಮತ್ತು ಸೊಸೆ ಜೆನಿಫರ್ ಆ ನೆಲದಲ್ಲಿ ನಾಟಕಶಾಲೆಯನ್ನು ಕಟ್ಟಿಸಿ 1978ನೆಯ ನವೆಂಬರ್ 5ರಂದು ತೆರೆದರು. ಜೆನಿಫರ್ ಬೆಳೆದುದೂ, ಶಶಿ ಅವಳನ್ನು ಕಂಡುದೂ ಷೇಕ್ಸ್‌ಪಿಯರನ ನಾಟಕಗಳನ್ನು ಆಡುತ್ತ ದೇಶ ತಿರುಗುತ್ತಿದ್ದ ಇಂಗ್ಲಿಷ್ ಕಂಪೆನಿಯೊಂದರ ಬಾಳಿನಲ್ಲಿ. ಆ ನಾಟಕಶಾಲೆಯು ಚಿಕ್ಕದು; ಸುಮಾರು ಇನ್ನೂರು ಮಂದಿಗೆ ಸ್ಥಳ. ರಂಗದ ಮೂರು ಕಡೆಗೂ ಪ್ರೇಕ್ಷಕರು ಕೈಗೆಟಕುವಷ್ಟು ಸಮೀಪದಲ್ಲಿ ಕುಳಿತಿರುತ್ತಾರೆ. ಅಲ್ಲಿ ನಟನು ಪಿಸುಮಾತನ್ನಾಡಿದರೂ ಕಡೆಯ ಸಾಲಿನವನಿಗೆ ಕೇಳಿಸುತ್ತದೆ.